ಅವ್ವ ಕೂತರೆ ಎಡಕ್ಕೆ ಎಳೆಯುವ ಕಾರು

ನನ್ನ ಬಲಗೈಗೆ ಒಂದು ಕೆಟ್ಟ ಚಟವಿದೆ. ಏನು ಹಿಡಿದರೂ ಒಂದಿಷ್ಟು ಬಲಕ್ಕೆ ಎಳೆಯುತ್ತದೆ. ಸೈಕಲ್ಲು ಹತ್ತಿದೆನೆಂದರೆ ಈಗ ನಾನಿರುವ ಶ್ರೀರಂಗಪಟ್ಟಣದ ಬೀದಿಗಳ ಬಲಗಡೆ ಚರಂಡಿಗಳಿಗೆಲ್ಲ ನನ್ನ ಪರಿಚಯವಾಗುತ್ತದೆ. ಮಳೆಯಲ್ಲಿ ಕೊಡೆ ಹಿಡಿದರೆ ನನ್ನ ಎಡಭುಜ ಹಿಂಡುವಷ್ಟು ತೊಯ್ದಿರುತ್ತದೆ. ಬಲಗಡೆ ಯಾರಾದರೂ ಗುರುತಿಲ್ಲದವರು ನಡೆಯುತ್ತಿದ್ದರೆ ಅವರಿಗೆ ಪುಕ್ಕಟೆ ಆಸರೆ. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲೇ, ‘ನಿಮ್ಮ ಪಕ್ಕದಲ್ಲಿ ನಡೆಯೋದಕ್ಕಿಂತ ಹಿಂದೆ ನಡೆಯೋದೇ ಕ್ಷೇಮ’ ಎಂದು ತೀರ್ಮಾನಿಸಿದಳು. ಊರಿನವರು ಅದನ್ನು ಪತಿಭಕ್ತಿ ಎಂದುಕೊಂಡಿದ್ದಾರೆ.

ಕೈ ಹೀಗೇಕೆ ಎಂದು ಯಾರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ, ಒಂದು ಕಾಲದಲ್ಲಿ ನಾನೊಂದು ಕಾರು ಓಡಿಸುತ್ತಿದ್ದೆ, ಅದು ಎಡಕ್ಕೆ ಎಳೆಯುತ್ತಿತ್ತು, ಅದನ್ನು ಬಲಕ್ಕೆ ಎಳೆದೆಳೆದು ಕೈಗೆ ಹೀಗಾಯಿತು ಎನ್ನುತ್ತಿದ್ದೆ. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ನಾನೂ ನಗುತ್ತಿದ್ದೆನೇನೋ. ಆದರೆ ಆ ಕಾರು ಯಾಕೆ ಎಳೆಯುತ್ತಿತ್ತು ಎಂದು ಅವರು ಎರಡನೆಯ ಪ್ರಶ್ನೆ ಕೇಳಿಬಿಟ್ಟರೆ ಏನು ಹೇಳುವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅದಕ್ಕೇ ಕೇಳದೆ ಇರುವ ನಿಮಗೆ ಹೇಳುತ್ತಿದ್ದೇನೆ.

ಆಗ ನಾನು ಹೊಸದಾಗಿ ಬಿ.ಎ. ಮುಗಿಸಿ ಕೃಷ್ಣರಾಜಪೇಟೆಯ ಮಿಡ್ಲ್‌ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ನಮ್ಮೂರು ಅಲ್ಲಿಗೆ ಹತ್ತಿರ, ಹೊಸಹೊಳಲಿನ ಪಕ್ಕ. ನಾಲೆ ಕೆಲಸಕ್ಕೆಂದು ಬಂದಿದ್ದ ಇಂಜಿನಿಯರೊಬ್ಬರು ಕೆಲಸ ಮುಗಿಸಿ ಹೊರಡುವಾಗ ತಮ್ಮ ಹಳೆಯ ಕಾರನ್ನು ಯಾರಿಗಾದರೂ ಕೊಟ್ಟು ಹೋಗಬೇಕೆಂದಿದ್ದರು. ಅದು ಪಂದ್ಯದಲ್ಲಿ ಓಡಿಸುವ ಜಾತಿಯ ಕಾರು. ಉದ್ದ ಮೂತಿ, ನೆಲಕ್ಕೆ ಮುಟ್ಟುವಷ್ಟು ತಗ್ಗು, ಮೇಲೆ ಚಾವಣಿ ಇಲ್ಲ, ಇಬ್ಬರಿಗೆ ಮಾತ್ರ ಜಾಗ. ಇಬ್ಬರೇ ಕೂರುವ, ಹಿಂದೆ ಒಂದು ಹೊರೆ ಹುಲ್ಲು ಹಾಕಲೂ ಆಗದ ಗಾಡಿಯನ್ನು ನಮ್ಮ ಕಡೆ ಯಾರು ಕೊಳ್ಳುತ್ತಾರೆ? ಹಾಗಾಗಿ ಅದು ಬಿ.ಎ. ಓದಿದವನಿಗೆ ಬಂತು. ಅದರ ಬಣ್ಣ ಹಸಿರು. ಹಾಗೆಂದು ನನ್ನ ನೆನಪು. ಪಕ್ಕದ ಮನೆಯ ದ್ಯಾವಣ್ಣ ಅದು ಕೆಂಪು ಎಂದು ಈಗಲೂ ಪ್ರಮಾಣ ಮಾಡುತ್ತಾನೆ. ಆಗಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗಿದೆ. ತೆಗೆದು ನೋಡಿದರೆ ‘ಕಾರು ಬಂತು’ ಎಂದಿದೆಯೇ ಹೊರತು ಬಣ್ಣವಿಲ್ಲ. ಇಷ್ಟು ದೊಡ್ಡ ವಸ್ತುವಿನ ಬಣ್ಣವೇ ಖಾತ್ರಿಯಿಲ್ಲದವನು ಮುಂದೆ ಹೇಳುವ ಮಾತುಗಳನ್ನು ನೀವು ಎಷ್ಟರಮಟ್ಟಿಗೆ ನಂಬಬೇಕೋ ನಿಮಗೇ ಬಿಟ್ಟದ್ದು.

ಕಾರು ಬಂದ ದಿನ ಅಪ್ಪ ಅದರ ಸುತ್ತ ಒಂದು ಸುತ್ತು ಬಂದ. ಮುಂದಿನ ಎರಡು ದೀಪ ನೋಡಿದ. ಚಕ್ರ ಒದ್ದು ನೋಡಿದ.

‘ಇದುನ್ನ ಎಲ್ ಕಟ್ಟಾದು?’

‘ಕಟ್ಟಾದೇನಿಲ್ಲ ಕಣಪ್ಪ, ನಿಲ್ಸಾದು.’

‘ಅದೇ ಕಣ್ಲಾ ನಾ ಕೇಳಿದ್ದು. ಮಳೆ ಉಯ್ದ್ರೆ ನೆನ್ಯಾಕಿಲ್ವಾ? ಮೇಲ್ಗಡೆ ಏನೂ ಇಲ್ವಲ್ಲ. ಕೊಟ್ಟಿಗೇಲಿ ಕಟ್ಟು.’

ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ, ಕಾರಿನ ಎಡಮಗ್ಗುಲು ಗೋಡೆಗೆ ಅಂಟಿಕೊಳ್ಳುವಂತೆ ನಿಲ್ಲಿಸಿದರೆ ಮಾತ್ರ ಜಾಗ ಸಾಕಾಗುತ್ತಿತ್ತು. ಎತ್ತುಗಳು ಎರಡು ದಿನ ಮೇವು ಬಿಟ್ಟವು, ಮೂರನೆಯ ದಿನ ಅದರ ಬಾನೆಟ್ಟಿನ ಮೇಲೆ ಗಡ್ಡ ಉಜ್ಜಿಕೊಳ್ಳತೊಡಗಿದವು. ಅಪ್ಪ ಮಾತ್ರ ಆ ಮೇಲೆ ಕಾರಿನ ವಿಷಯ ಮಾತಾಡಿದ್ದನ್ನು ನಾನು ಕೇಳಲಿಲ್ಲ. ತಾಲ್ಲೂಕಿನಲ್ಲೇ ಹೆಸರಾದ ಗಾಡಿ ಹೊಡೆಯುವವನಿಗೆ ಮಗ ತಂದ ಗಾಡಿಯ ಮೇಲೆ ಅಸಡ್ಡೆ ಎಂದುಕೊಂಡೆ. ಓದಿದವರು ತಂದೆಯಂದಿರ ಮೌನಕ್ಕೆ ಬಲು ಬೇಗ ಅರ್ಥ ಬರೆದುಬಿಡುತ್ತೇವೆ.

ಕಾರು ನನಗೆ ಬೇಕಾಗಿದ್ದುದು ಮೆರೆಯುವುದಕ್ಕೆ. ಅದು ಉಪಯೋಗಕ್ಕೆ ಬಂದದ್ದು ಅವ್ವನಿಗೆ. ಆ ವರ್ಷವೇ ಅವ್ವನ ಕೆಮ್ಮು ಕಫದಲ್ಲಿ ರಕ್ತ ಕಾಣಿಸುವವರೆಗೆ ಹೋಯಿತು. ಮೈಸೂರಿನ ಡಾಕ್ಟರು ಎದೆ ತಟ್ಟಿ ನೋಡಿ, ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಇಳಿಸಿ ಗಾಳಿ ತುಂಬಿದರು. ಕೆಟ್ಟ ಶ್ವಾಸಕೋಶವನ್ನು ಆ ಗಾಳಿ ಅದುಮಿ ಮಲಗಿಸುತ್ತದಂತೆ. ಮಲಗಿದರೆ ಗಾಯ ಮಾಯುತ್ತದಂತೆ. ಆದರೆ ತುಂಬಿದ ಗಾಳಿ ಮೈಯಲ್ಲಿ ಇಂಗಿಹೋಗುವುದರಿಂದ ಎರಡೆರಡು ವಾರಕ್ಕೊಮ್ಮೆ ಮತ್ತೆ ತುಂಬಬೇಕು. ‘ತಪ್ಪಿಸಬೇಡಿ ಮೇಷ್ಟ್ರೆ, ಏನಾದರೂ ಆಗಲಿ ತಪ್ಪಿಸಬೇಡಿ’ ಎಂದು ಡಾಕ್ಟರು ಬಾಗಿಲವರೆಗೂ ಬಂದು ಹೇಳಿದರು.

ಎತ್ತಿನ ಗಾಡಿಯ ಕುಲುಕಾಟ ಆ ಎದೆಗೆ ಕೂಡದು. ಬಸ್ಸಿನಲ್ಲಿ ಕೆಮ್ಮುವ ಹೆಂಗಸಿನ ಪಕ್ಕ ಯಾರೂ ಕೂರಲು ಒಪ್ಪುತ್ತಿರಲಿಲ್ಲ; ಒಮ್ಮೆ ಚಿನಕುರಳಿಯಲ್ಲಿ ನಮ್ಮನ್ನು ಇಳಿಸಿಯೇ ಬಿಟ್ಟಿದ್ದರು. ಉಳಿದದ್ದು ನನ್ನ ಕಾರು. ಅವ್ವ ಸೆರಗಿನಿಂದ ಕಿವಿ ಮುಚ್ಚಿ ಕಟ್ಟಿಕೊಂಡು, ಆ ತಗ್ಗಿನ ಸೀಟಿನಲ್ಲಿ ಬಾಣಂತಿಯ ಹಾಗೆ ಕಾಲು ನೀಡಿಕೊಂಡು, ನನ್ನ ಎಡಗಡೆ ಕೂರುತ್ತಿದ್ದಳು. ನಾನು ಹೊರಡುವ ಮುಂಚೆ ಟೈರಿಗೆ ಪಂಪು ಹಾಕುವುದನ್ನು ನೋಡಿ ಅವಳಿಗೆ ನಗು.

‘ಇದ್ಕೂ ಗಾಳಿ, ನಂಗೂ ಗಾಳಿ. ಇಬ್ರುನ್ನೂವೆ ಊದ್ಕಂಡು ಎಲ್ಗ್ಲಾ ಓಯ್ತಿದ್ದೀಯೆ?’

ಮೊದಲೊಂದೆರಡು ಸಲ ಕಾರು ಹೇಗೆ ಓಡಿತೋ ಜ್ಞಾಪಕವಿಲ್ಲ. ಕಾರಿಗಿಂತ ಅವ್ವನ ಮುಖದ ಮೇಲೆ ನನ್ನ ಗಮನವಿದ್ದಿರಬೇಕು. ಆಮೇಲೆ ಗೊತ್ತಾಯಿತು, ಬ್ರೇಕು ಒತ್ತಿದೊಡನೆ ಕಾರು ಎಡಕ್ಕೆ ತಿರುಗುತ್ತದೆ. ತಿರುಗುತ್ತದೆ ಎಂದರೆ ಸಾಲದು. ಕಟುಕನ ಕೈಯಿಂದ ಹಗ್ಗ ಕಿತ್ತುಕೊಂಡ ಕರುವಿನ ಹಾಗೆ ಎಡಕ್ಕೆ ನುಗ್ಗುತ್ತದೆ. ನಮ್ಮ ರಸ್ತೆಯಲ್ಲಿ ಬ್ರೇಕು ಒತ್ತದೆ ಹೋಗುವುದು ಹೇಗೆ? ಒಂದು ಫರ್ಲಾಂಗಿಗೆ ಒಬ್ಬ ಮಾರಾಯನಾದರೂ ರಸ್ತೆಗೆ ಹುರುಳಿ ಹಾಸಿ, ‘ಅದ್ರ ಮ್ಯಾಲೇ ಓಗಿ ಸ್ವಾಮಿ, ಒಕ್ಕಣೆ ಆಯ್ತದೆ’ ಎಂದು ಪಕ್ಕದಲ್ಲಿ ಬೀಡಿ ಸೇದುತ್ತಿರುತ್ತಾನೆ. ಪ್ರತಿಸಲವೂ ಗೇರು ಇಳಿಸಿ, ಎರಡು ಕೈಯಲ್ಲೂ ಸ್ಟೀರಿಂಗ್ ಚಕ್ರವನ್ನು ಬಲಕ್ಕೆ ತಿರುಚಿ ಹಿಡಿಯುತ್ತಿದ್ದೆ. ಮೈಸೂರು ಸೇರುವ ಹೊತ್ತಿಗೆ ಭುಜ ಕಿತ್ತುಬರುತ್ತಿತ್ತು. ವಿಚಿತ್ರವೆಂದರೆ, ಶ್ರೀರಂಗಪಟ್ಟಣದ ಸೇತುವೆ ದಾಟುವಷ್ಟರಲ್ಲಿ ಎಳೆತ ಅರ್ಧ ಇಳಿದಿರುತ್ತಿತ್ತು. ಹಿಂದಿರುಗುವಾಗ ಇಲ್ಲವೇ ಇಲ್ಲ ಎನ್ನುವಷ್ಟು. ಮಾರನೆಯ ದಿನ ನಾನೊಬ್ಬನೇ ಸ್ಕೂಲಿಗೆ ಹೋದರೆ, ದಾರ ಹಿಡಿದ ಹಾಗೆ ನೆಟ್ಟಗೆ!

ಆ ಪ್ರಯಾಣಗಳಲ್ಲಿ ನನಗೆ ಖಚಿತವಾಗಿ ನೆನಪಿರುವುದು ಒಂದು ವಾಸನೆ. ಹರಳೆಣ್ಣೆ ಕಾದಂಥ ವಾಸನೆ. ಅವ್ವ ಹೊರಡುವ ದಿನ ನೆತ್ತಿಗೆ ಒಂದು ಅಂಗೈ ಹರಳೆಣ್ಣೆ ಒತ್ತಿಕೊಳ್ಳುತ್ತಿದ್ದಳು, ಉಷ್ಣ ಇಳಿಯಲಿ ಎಂದು. ಬಿಸಿಲಿಗೆ ಅದು ಕಾಯುತ್ತಿದೆ ಎಂದುಕೊಂಡು ಮೂಗು ಮುಚ್ಚದೆ ಕೂರುತ್ತಿದ್ದೆ.

ಹರಳೆಣ್ಣೆಯ ವಾಸನೆಯೆಂದರೆ ನನಗೆ ಬಾಲ್ಯದಲ್ಲಿ ಎರಡೇ ಜಾಗ: ಅವ್ವನ ನೆತ್ತಿ, ಅಪ್ಪನ ಗಾಡಿ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಅದೇ ಕೀಲೆಣ್ಣೆ, ಗಾಡಿಯ ಅಚ್ಚಿಗೆ ಹಚ್ಚುವುದು. ಅದು ಒಂದು ಬಿದಿರಿನ ಗೊಟ್ಟದಲ್ಲಿ ಗಾಡಿಯ ಕೆಳಗೆ ನೇತಾಡುತ್ತಿತ್ತು. ಅದನ್ನು ಮುಟ್ಟಿದ ಅಂಗಿಗೆ ಮೋಕ್ಷವಿಲ್ಲ. ನನ್ನ ಬಾಲ್ಯದ ಅಂಗಿಗಳೆಲ್ಲ ಹಾಗೇ ಸತ್ತವು. ಸಾಮಾನ್ಯ ದಿನ ಎಣ್ಣೆ ಹಾಕುವುದು ಆಳಿನ ಕೆಲಸ. ಆದರೆ ಅವ್ವ ನಾಗಮಂಗಲದ ಕಡೆ ತನ್ನ ತವರಿಗೆ ಹೊರಟಳೆಂದರೆ ಅಪ್ಪ ಯಾರನ್ನೂ ಗಾಡಿಯ ಹತ್ತಿರ ಬಿಡುತ್ತಿರಲಿಲ್ಲ. ತಾನೇ ಕೂತು, ಕೋಳಿಪುಕ್ಕದಲ್ಲಿ ಅದ್ದಿ ಅದ್ದಿ, ಅಚ್ಚಿಗೆ ಕುಡಿಸುತ್ತಿದ್ದ. ಗಂಡಸರು ಹೋಗುವ ಗಾಡಿ ಬೇಕಾದರೆ ಕಿರುಗುಟ್ಟಲಿ. ಮನೆಯ ಹೆಣ್ಣುಮಗಳು ಕೂತ ಗಾಡಿ ಅಳುತ್ತಾ ಹೊಸ್ತಿಲು ಬಿಡಬಾರದು ಎಂಬುದು ನಮ್ಮ ಮನೆಯ ಕಟ್ಟು. ಅಪ್ಪ ಅವ್ವನ ಮುಂದೆ ನಾಲ್ಕು ಒಳ್ಳೆಯ ಮಾತಾಡಿದ್ದನ್ನು ನಾನು ಕಂಡಿಲ್ಲ. ಆದರೆ ಆ ಗಾಡಿ ಬೀದಿ ತಿರುಗುವವರೆಗೂ ತಲೆ ಓರೆಮಾಡಿ ಕಿವಿಗೊಟ್ಟು ನಿಂತಿರುತ್ತಿದ್ದ. ಸದ್ದು ಬರದಿದ್ದರೆ ಒಳಗೆ ಹೋಗುತ್ತಿದ್ದ.

ಇದನ್ನೆಲ್ಲ ಈಗ ಒಂದೇ ಕಡೆ ಬರೆದಿದ್ದೇನೆ. ಆಗ ತಲೆಯಲ್ಲಿ ಇವೆಲ್ಲ ಬೇರೆ ಬೇರೆ ಗೂಡಿನಲ್ಲಿದ್ದವು.

ಕಾರಿನ ರೋಗ ಹುಡುಕಲು ಹೊರಟೆ. ಶ್ರೀರಂಗಪಟ್ಟಣದ ಕೋಟೆಬಾಗಿಲ ಹತ್ತಿರ ಬಸ್ಸು ರಿಪೇರಿ ಮಾಡುತ್ತಿದ್ದ ಬಾಷಾ ಸಾಬರು ಮೊದಲ ಸಲ, ‘ಸ್ಪ್ರಿಂಗ್ ಪಟ್ಟಿ ಕಮ್‌ಜೋರ್ ಆಗೈತೆ ಮೇಷ್ಟ್ರೆ’ ಎಂದರು. ಪಟ್ಟಿ ಬದಲಾಯಿಸಿದ್ದಾಯಿತು. ಎರಡನೆಯ ಸಲ, ‘ಅಚ್ಚು ಜರಾ ಸೊಟ್ಟ’ ಎಂದು ಅದನ್ನು ಕಾಯಿಸಿ ಬಡಿದರು. ಮೂರನೆಯ ಸಲ ನಾನೇ, ‘ಬ್ರೇಕು ನೋಡಿ ಸಾಬರೆ’ ಎಂದೆ. ಅವರು ಮುಂದಿನ ಎರಡು ಚಕ್ರ ಬಿಚ್ಚಿ, ಒಳಗೆ ಇಣುಕಿ, ‘ಎರಡೂ ಕಾಲಾ. ಬ್ರೇಕ್ ಒಳಗೆ ಬೆಳ್ಳಗೆ ಇರ್ತದಾ? ಬರಾಬರ್ ಐತೆ’ ಎಂದು ಮುಚ್ಚಿದರು. ಕಾರನ್ನು ತಾವೇ ಓಡಿಸಿ ಗಂಜಾಮಿನವರೆಗೆ ಹೋಗಿ ಬಂದರು. ಅದು ನೆಟ್ಟಗೆ ಹೋಗಿ ನೆಟ್ಟಗೆ ಬಂತು.

‘ಗಾಡಿ ಅಚ್ಛಾ ಐತೆ. ನಿಮ್ದು ದಿಲ್ ಎಡಕ್ಕೆ ಎಳೀತೈತೆ’ ಎಂದು ಸಾಬರು ಚಹಾ ತರಿಸಿದರು.

ಇನ್ನು ಉಳಿದದ್ದು ತರ್ಕ. ಒಬ್ಬನೇ ಕೂತರೆ ನೆಟ್ಟಗೆ, ಅವ್ವ ಕೂತರೆ ಎಡಕ್ಕೆ. ಹಾಗಾದರೆ ಭಾರ. ಅವ್ವನಷ್ಟೇ ತೂಕದ ರಾಗಿಮೂಟೆಯನ್ನು ಅವಳ ಸೀಟಿನಲ್ಲಿ ಕೂರಿಸಿ, ಜಾರದಂತೆ ಹಗ್ಗ ಬಿಗಿದು ಹೊರಟೆ. ಬೀದಿಯ ಜಗಲಿಗಳೆಲ್ಲ ಎದ್ದು ನಿಂತವು. ಕಾರು ನೆಟ್ಟಗೆ ಹೋಯಿತು. ರಾಗಿ ಅಲ್ಲಾಡುವುದಿಲ್ಲ, ಮನುಷ್ಯರು ಅಲ್ಲಾಡುತ್ತಾರೆ ಎಂದು ದ್ಯಾವಣ್ಣನನ್ನು ಕರೆದೆ. ನಾನು ಬಿ.ಎ. ಮಾಡಿದ ಮೇಲೆ ಅವನ ಬಾಯಲ್ಲಿ ನನ್ನ ಹೆಸರೇ ಬೀಯೇ.

‘ಲೇ ಬೀಯೇ, ಮೂಟೆ ಆದ್ಮೇಲೆ ನನ್ನ ಕರೀತಿದ್ದೀಯಲ್ಲ, ಮೂಟೆಗಿಂತ್ಲೂ ಕಡೆನೇನ್ಲಾ ನಾನು?’

‘ಕುಂತ್ಕೊ ದ್ಯಾವಣ್ಣ, ಕೆರೆ ಏರಿಗಂಟ.’

‘ಕುಂತ್ಕತೀನಿ. ಆದ್ರೆ ಅಂಗೇ ಮೈಸೂರ್ಗಂಟ ವೋಗಿ ನಂಗೂ ಸೂಜಿ ಚುಚ್ಚುಸ್‌ಬುಟ್ಟೀಯ!’

ಅವ್ವನ ಎರಡರಷ್ಟು ತೂಕದ ದ್ಯಾವಣ್ಣ ಕೂತರೂ ಕಾರು ಒಂದು ಗೇಣು ಎಡಕ್ಕೆ ವಾಲಲಿಲ್ಲ. ನಾನು ಬ್ರೇಕು ಒತ್ತಿದಾಗಲೆಲ್ಲ ಅವನು ಮಾತ್ರ ನನ್ನ ಮೇಲೆ ವಾಲಿದ.

ಈ ಪ್ರಯೋಗಗಳನ್ನೆಲ್ಲ ಅವ್ವ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ನೋಡುತ್ತಿದ್ದಳು. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಅದನ್ನೇ. ನನಗೆ ಅದು ಕಾರಿನ ಪರೀಕ್ಷೆ. ಅವಳ ಕಣ್ಣಿಗೆ, ಒಂದೊಂದು ಪರೀಕ್ಷೆಯೂ ಒಂದೇ ಉತ್ತರ ಕೊಡುತ್ತಿತ್ತು. ಮೂಟೆಯಲ್ಲ. ದ್ಯಾವಣ್ಣನಲ್ಲ. ಇನ್ಯಾರು?

ಮುಂದಿನ ಸಲ ಕೆರೆ ಏರಿಯ ಮೇಲೆ ಒಂದು ಎಮ್ಮೆ ಅಡ್ಡ ಬಂತು. ನಮ್ಮೂರ ಏರಿ ಕಿರಿದು. ಮೈಸೂರ ಕಡೆ ಹೋಗುವಾಗ ನೀರು ಎಡಕ್ಕೆ. ಬ್ರೇಕು ಒತ್ತಿದೆ. ಕಾರು ನೀರಿನತ್ತ ತಿರುಗಿ, ಎಡ ಮುಂಚಕ್ರ ಏರಿಯ ಕಲ್ಲಿನ ಅಂಚಿಗೆ ಬಂದು ನಿಂತಿತು. ಅವ್ವ ನೀರನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ನಿಧಾನವಾಗಿ ಇಳಿದು, ಮುಂದೆ ಬಂದು, ಕಾರಿನ ಎರಡು ದೀಪಗಳ ಎದುರಿಗೆ ನಿಂತಳು.

‘ಇದ್ಕೆ ಕಾಣ್ತದೆ ಕಣ್ಲಾ.’

‘ಏನ್ ಕಾಣ್ತದವ್ವ?’

‘ಎತ್ತಿಗೆ ಕಾಣಾಕಿಲ್ವಾ? ನಮ್ಮಪ್ಪ ಸಾಯ ವರ್ಸ ಎತ್ತು ಅವ್ರುನ್ನ ಕುಂಡ್ರುಸ್ಕಂಡು ಗಾಡಿ ಎಳೀನೇ ಇಲ್ಲ, ಬೆದರ್ಕಂಡು ಬೆದರ್ಕಂಡು ಪಕ್ಕಕ್ಕೆ ಓಯ್ತಿದ್ವು. ಪಕ್ಕದಲ್ಲಿ ಸಾವು ಕುಂತಿದ್ದುದ್ದು ಅವುಕ್ಕೆ ಕಂಡಿತ್ತು. ಇದ್ಕೂ ಎಲ್ಡು ಕಣ್ಣು ಅವೆ.’

‘ಇದು ಕಬ್ಬಿಣ ಕಣವ್ವ!’

‘ಕಬ್ಬುಣುಕ್ಕೇ ಕಾಣ್ತದೆ ಅಂದ್ರೆ ಇನ್ನೆಂಗಿರ್ಬೇಕು ನೋಡು. ಬ್ಯಾಡ ಮಗ. ನಂಜೊತೆ ನಿನ್ನುನ್ನೂ ನೀರ್ಗೆ ಎಳೀತದೆ. ನಾ ಬರಾಕಿಲ್ಲ.’

ತಾನು ಸಾಯುತ್ತೇನೆಂಬ ಹೆದರಿಕೆ ಅವಳಿಗಿದ್ದಂತೆ ಕಾಣಲಿಲ್ಲ. ನನ್ನನ್ನು ಜೊತೆಗೆ ಕರೆದೊಯ್ದೇನೆಂಬ ಹೆದರಿಕೆ. ಭಾರಕ್ಕೆ ಎಳೆಯುತ್ತದೆ ಅಷ್ಟೆ ಎಂದು ಸಮಾಧಾನ ಹೇಳಬಹುದಿತ್ತು. ಆ ಉತ್ತರವನ್ನು ನಾನೇ ರಾಗಿಮೂಟೆ ಕಟ್ಟಿಕೊಂಡು ಊರೆಲ್ಲ ಸುತ್ತಿ ಸುಳ್ಳು ಮಾಡಿದ್ದೆ.

ಒಂದು ಸರದಿ ತಪ್ಪಿತು. ಇನ್ನೊಂದು ತಪ್ಪಿತು. ನಾನು ಬೈದೆ, ಗೋಗರೆದೆ, ಉಪವಾಸ ಕೂರುವೆನೆಂದು ಹೆದರಿಸಿ ಮಧ್ಯಾಹ್ನವೇ ಉಂಡೆ. ಡಾಕ್ಟರು ಹೇಳಿಕಳಿಸಿದರು. ಅವ್ವನ ಕೆನ್ನೆಯ ಮೂಳೆ ಹೊರಬಂತು. ಸಂಜೆಯ ಜ್ವರ ಬೆಳಿಗ್ಗೆಯೂ ಉಳಿಯತೊಡಗಿತು. ಕೊನೆಗೊಂದು ದಿನ ಅಪ್ಪ ಜಗಲಿಯ ಕಂಬಕ್ಕೆ ಒರಗಿ, ಎತ್ತಲೋ ನೋಡುತ್ತಾ ಹೇಳಿದ:

‘ವೋಗಮ್ಮಿ. ನಾಳಿಕ್ಕೆ ವೋಗು. ಏನೂ ಆಗಾಕಿಲ್ಲ, ನಾ ನೋಡ್ಕತೀನಿ.’

‘ನೀನೇನು ನೋಡ್ಕತೀಯ, ಅದೇನು ನಿನ್ನ ಎತ್ತಾ?’ ಎಂದಳು ಅವ್ವ. ಆದರೆ ಒಪ್ಪಿದಳು.

ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಸೀರೆ ಉಟ್ಟು ಹೊಸ್ತಿಲವರೆಗೆ ಬಂದಳು. ನಾನು ಕಾರನ್ನು ಹಿಂದೆ ಹಿಂದೆ ಕೊಟ್ಟಿಗೆಯಿಂದ ತೆಗೆದು ಅವಳೆದುರಿಗೆ ನಿಲ್ಲಿಸುವಾಗ ಅದು ಅವಳ ಕಣ್ಣೆದುರೇ ಸ್ವಲ್ಪ ಎಡಕ್ಕೆ ಹೊರಳಿ ನಿಂತಿತು. ಅಷ್ಟೇ ಸಾಕಾಯಿತು. ಅವ್ವ ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟಳು. ಯಾರೆಷ್ಟು ಹೇಳಿದರೂ ಏಳಲಿಲ್ಲ. ಆ ದಿನದ ದಿನಚರಿಯಲ್ಲಿ ‘ಅವ್ವ ಬರಲಿಲ್ಲ’ ಎಂದಿದೆ. ನಾನು ಕಾರಿನ ಬಾಗಿಲಿಗೆ ಒದ್ದದ್ದು ಅದರಲ್ಲಿಲ್ಲ; ಆದರೆ ಒದ್ದೆ. ಒಬ್ಬನೇ ಹತ್ತಿ, ಎಲ್ಲಿಗೆಂದಿಲ್ಲದೆ ಹೊಡೆದುಕೊಂಡು ಹೋದೆ.

ಏರಿಯ ಮೇಲೆ ಹೋಗುವಾಗ ಕುರಿ ಅಡ್ಡ ಬಂದವು. ಬ್ರೇಕು ಒತ್ತಿದೆ. ಕಾರು ಎಡಕ್ಕೆ ನುಗ್ಗಿತು.

ನಾನು ನಿಲ್ಲಿಸಿ ಪಕ್ಕದ ಸೀಟು ನೋಡಿದೆ. ಯಾರೂ ಇಲ್ಲ. ಹರಳೆಣ್ಣೆ ಕಾದ ವಾಸನೆ ಮಾತ್ರ ಇತ್ತು. ಅವ್ವ ಇಲ್ಲದೆ, ಅವ್ವನ ತಲೆಯಿಲ್ಲದೆ, ಗಮ್ಮೆಂದು ಇತ್ತು.

ಇಳಿದು ನೋಡಿದರೆ ಬಲ ಮುಂಚಕ್ರದಿಂದ ಸಣ್ಣಗೆ ಹೊಗೆ. ಚಕ್ರ ಬಿಚ್ಚಿ ಬ್ರೇಕಿನ ಬಟ್ಟಲು ತೆಗೆದೆ. ಒಳಗೆ ಕರಿಯ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಹುಲ್ಲುಕರಿ ತರಿತರಿಯಾಗಿ ಸಿಕ್ಕಿತು. ಅದು ಯಾವ ಕಂಪನಿಯ ಎಣ್ಣೆಯೂ ಅಲ್ಲ. ನನ್ನ ಬಾಲ್ಯದ ಅಂಗಿಗಳನ್ನೆಲ್ಲ ಕೊಂದ ಕೀಲೆಣ್ಣೆ. ಬಲಗಡೆಯ ಬ್ರೇಕು ಎಣ್ಣೆಯಲ್ಲಿ ಜಾರುತ್ತಿತ್ತು, ಎಡಗಡೆಯದು ಹಿಡಿಯುತ್ತಿತ್ತು. ಮೈಸೂರು ಸೇರುವ ಹೊತ್ತಿಗೆ ಎಣ್ಣೆ ಉರಿದುಹೋಗುತ್ತಿತ್ತು. ಕಾರಿನ ರೋಗ ಇಷ್ಟೇ.

ಏರಿಯ ಮೇಲೆ ಕೂತು ಜೋರಾಗಿ ನಕ್ಕೆನೆಂದು ಕಾಣುತ್ತದೆ. ಕುರಿಯವನು ಹಿಂದಿರುಗಿ ನೋಡಿ, ‘ಯಾಕ್ಸೋಮಿ, ಪೆಟ್ಟಾಯ್ತಾ?’ ಎಂದದ್ದು ನೆನಪಿದೆ. ನಗುತ್ತಿರುವವನನ್ನು ಯಾರೂ ಹಾಗೆ ಕೇಳುವುದಿಲ್ಲ. ಆದ್ದರಿಂದ ನಕ್ಕೆ ಎಂಬುದೂ ಅನುಮಾನವೇ.

ಮನೆಗೆ ಬಂದಾಗ ಅಪ್ಪ ಕೊಟ್ಟಿಗೆಯಲ್ಲಿದ್ದ. ಕರಿಯ ಬೆರಳನ್ನು ಬೆನ್ನ ಹಿಂದೆ ಮಡಗಿಕೊಂಡು ಕೇಳಿದೆ:

‘ಅಪ್ಪ, ಮೋಟ್ರಿಗೆ ಎಣ್ಣೆಗಿಣ್ಣೆ ಏನಾರ ಹಾಕ್ತಿದ್ದೀಯ?’

ಕಳ್ಳ ಸಿಕ್ಕಿಬಿದ್ದಂತೆ ಮುಖ ತಗ್ಗಿಸುತ್ತಾನೆಂದುಕೊಂಡಿದ್ದೆ. ಅಪ್ಪನ ಮುಖ ಅರಳಿತು. ಮಗ ಕೊನೆಗೂ ಗಮನಿಸಿದನಲ್ಲ ಎಂಬಂತೆ.

‘ನೀನು ಮೀಯಾಕೆ ವೋದಾಗ ಹಾಕ್ತೀನಿ. ನಿಮ್ಮವ್ವ ವೋಗೋ ದಿನ ಮಾತ್ರವ. ಸ್ಕೂಲ್ಗೆ ನೀನು ಎಂಗಾರ ವೋಗ್ಕೊ. ಚಕ್ರದ ಹಿಂದ್ಗಡೆ ಸಂದಿ ಅದಲ್ಲ, ಅಲ್ಲಿ ಪುಕ್ಕ ಸಂದಾಕೆ ಓಯ್ತದೆ.’

‘ಎರಡೂ ಕಡೆಗಾ?’

‘ಆ ಕಡೆದು ಗೋಡೆಗೆ ಅಂಟ್ಕಂಡದಲ್ಲ, ಬಗ್ಗಾಕಾಗಾಕಿಲ್ಲ, ಮಂಡಿ ಹಿಡ್ಕತದೆ. ಅದುಕ್ಕೇಯ ಈ ಕಡೆದಕ್ಕೇ ಎಲ್ಡು ಪಾಲು ಹಾಕ್ತೀನಿ. ಇವತ್ತಂತೂ ಇನ್ನೂ ವಸಿ ಜಾಸ್ತಿನೇ ಹಾಕಿದ್ದೆ. ಏನ್ಮಾಡಾದು, ಅವ್ಳು ಏಳ್ನೇ ಇಲ್ಲ.’

ಒಳಗೆ ಹೋಗಿ ಅವ್ವನ ಪಕ್ಕ ಕೂತು, ಬೆರಳನ್ನು ಅವಳ ಮೂಗಿಗೆ ಹಿಡಿದೆ. ಅವಳಿಗೆ ವಿವರಿಸಬೇಕಾಗಲೇ ಇಲ್ಲ. ಮೂವತ್ತು ವರ್ಷ ಅಪ್ಪನ ಕೀಲೆಣ್ಣೆ ಮೆತ್ತಿದ ಪಂಚೆಗಳನ್ನು ಒಗೆದವಳು.

‘ನಿಮ್ಮಪ್ಪನ್ ಕ್ಯಾಮೆಯಾ?’

‘ಹೂಂ. ಒಂದೇ ಕಡೆ ಚಕ್ರುಕ್ಕೆ. ಅದುಕ್ಕೇ ಎಳೀತಿತ್ತು.’

‘ನಾ ಹೋಗೋ ದಿನ ಮಾತ್ರ?’

‘ನೀ ಹೋಗೋ ದಿನ ಮಾತ್ರ.’

ಅವ್ವ ನನ್ನ ಬೆರಳನ್ನು ಇನ್ನೊಮ್ಮೆ ಮೂಸಿದಳು. ಆಮೇಲೆ, ಯಾರಿಗೂ ಅಲ್ಲದೆ ತನಗೇ ಎಂಬಂತೆ, ‘ಅಂಗಾರೆ ನಾನಲ್ಲ’ ಎಂದಳು. ನಕ್ಕಳು. ನಗು ಕೆಮ್ಮಾಗಿ, ಕೆಮ್ಮಿನ ಮಧ್ಯೆಯೇ ಮತ್ತೆ ನಗು. ‘ಅಂಗಾರೆ ನಾನಲ್ಲ ಕಣ್ಲಾ!’ ನನ್ನ ಕರಿಬೆರಳನ್ನು ಸೆರಗಿನಿಂದ ಒರೆಸುತ್ತಾ, ‘ಅವ್ರುಗೆ ಯೋಳ್ಬ್ಯಾಡ’ ಎಂದಳು. ‘ಆಸ್ಪತ್ರೆಗೆ ಹೊಂಟವಳಿಗೆ ಇನ್ನೇನ್ ಮಾಡಾಕೆ ಬಂದೀತು ಅವ್ರಿಗೆ. ಹಾಕ್ಲಿ ಬುಡು. ಊರ್ ದಾಟಿ ತೊಳ್ಕಂಡ್ರಾಯ್ತು.’

ಹಾಗೇ ಮಾಡಿದೆವು. ಬೆಳಿಗ್ಗೆ ಅಪ್ಪ ಎಣ್ಣೆ ಹಾಕುತ್ತಿದ್ದ. ನಾನು ಮೀಯುವುದಕ್ಕೆ ಬೇಕೆಂದೇ ಹೊತ್ತು ತೆಗೆದುಕೊಳ್ಳುತ್ತಿದ್ದೆ. ಬ್ರೇಕು ಮುಟ್ಟದೆ, ಮೊದಲನೆ ಗೇರಿನಲ್ಲೇ ತೆವಳಿಕೊಂಡು ಬೀದಿ ತಿರುಗುತ್ತಿದ್ದೆವು. ಅಪ್ಪ ತಲೆ ಓರೆಮಾಡಿ ಕಿವಿಗೊಟ್ಟು ನಿಂತಿರುತ್ತಿದ್ದ. ಏರಿಯ ಆಚೆ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿ, ಚಕ್ರ ಬಿಚ್ಚಿ, ಪೆಟ್ರೋಲಿನಲ್ಲಿ ಬ್ರೇಕು ತೊಳೆಯುತ್ತಿದ್ದೆ. ಅವ್ವ ಮರದ ಬೇರಿನ ಮೇಲೆ ಕೂತು, ‘ಅಲ್ಲಿ ನೋಡು, ಆ ಮೂಲೇಲಿ ಇನ್ನೂ ಅದೆ’ ಎಂದು ತೋರಿಸುತ್ತಿದ್ದಳು. ಪಾತ್ರೆ ತೊಳೆಯುವುದನ್ನು ಸೊಸೆಗೆ ಕಲಿಸುವ ಹಾಗೆ. ಅವಳಿಗೆ ಸೊಸೆ ಬರುವವರೆಗೆ ಕಾಲ ಸಿಗಲಿಲ್ಲ. ಆ ಪಾಠ ನನಗೇ ಆಯಿತು. ಎಷ್ಟು ಸಲ ಹಾಗೆ ಕೂತೆವೆಂದು ನನ್ನ ನೆನಪನ್ನು ಕೇಳಿದರೆ ಒಂದು ವರ್ಷ ಪೂರ್ತಿ ಎನ್ನುತ್ತದೆ. ದಿನಚರಿ ನೋಡಿದರೆ ಎರಡೇ ಸಲ.

ಯಾಕೆಂದರೆ ಮೊದಲ ಸಲವೇ ಡಾಕ್ಟರು ಸೂಜಿ ಹಾಕಿ, ತೆಗೆದು, ಬೇರೆ ಕಡೆ ಹಾಕಿ, ಅದನ್ನೂ ತೆಗೆದರು. ‘ಇನ್ನೊಂದು ಸಲ ನೋಡೋಣ, ಕರಕೊಂಡು ಬನ್ನಿ’ ಎಂದರು. ಎರಡನೆಯ ಸಲವೂ ಹಾಗೇ. ಆಗ ನನ್ನನ್ನು ಹೊರಗೆ ಕರೆದು ಕೇಳಿದರು:

‘ನಡುವೆ ಯಾಕೆ ತಪ್ಪಿಸಿದಿರಿ?’

‘ಕಾರು ಸರಿಯಿರಲಿಲ್ಲ.’

‘ಶ್ವಾಸಕೋಶ ಹಿಗ್ಗಿ ಪಕ್ಕೆಗೆ ಅಂಟಿಕೊಂಡುಬಿಟ್ಟಿದೆ ಮೇಷ್ಟ್ರೆ. ಗಾಳಿ ಹೋಗಲು ಜಾಗವೇ ಇಲ್ಲ. ಇನ್ನು ಕರೆತಂದು ಅವರಿಗೆ ಆಯಾಸ ಕೊಡಬೇಡಿ.’

ಹಿಂದಿರುಗುವಾಗ ಕಾರು ಎಷ್ಟು ನೆಟ್ಟಗೆ ಓಡಿತೆಂದರೆ, ನನ್ನ ಕೈಯೇ ಅಭ್ಯಾಸಬಲದಿಂದ ಅದನ್ನು ಬಲಕ್ಕೆ ಎಳೆಯುತ್ತಿತ್ತು. ದಾರಿಯ ಫ್ರೆಂಚ್ ರಾಕ್ಸ್ ಊರಿನ ಹತ್ತಿರ ಅವ್ವ ಸೆರಗು ಬಿಚ್ಚಿ ಗಾಳಿಗೆ ಮುಖ ಕೊಟ್ಟಳು. ‘ಸಂದಾಕೆ ಓಯ್ತದೆ ಕಣ್ಲಾ ನಿನ್ನ ಗಾಡಿ’ ಎಂದಳು. ಡಾಕ್ಟರು ಏನೆಂದರೆಂದು ಅವಳು ಕೇಳಲಿಲ್ಲ.

ರಾಗಿ ಕುಯ್ಯುವ ಕಾಲಕ್ಕೆ ಅವ್ವ ಹೋದಳು. ಕಾರನ್ನು ನಾಗಮಂಗಲದ ಒಬ್ಬರು ಬಂದು ಕೊಂಡರು. ಗಂಡಸರು ಹೋಗುವ ಗಾಡಿ, ಅಪ್ಪ ಎಣ್ಣೆ ಹಾಕಲಿಲ್ಲ. ಅದು ಬೀದಿ ತಿರುಗುವವರೆಗೂ ನಾವಿಬ್ಬರೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆವು. ಒಳಗೆ ಎತ್ತುಗಳು ಆ ಖಾಲಿ ಜಾಗಕ್ಕೆ ಗಡ್ಡ ಚಾಚಿ ಹುಡುಕುತ್ತಿದ್ದವು.

‘ಕಡೇಗ್ ಎಳೀತಿರ್ಲಿಲ್ಲ ಅಲ್ವಾ ಅದು?’ ಎಂದ ಅಪ್ಪ.

‘ಇಲ್ಲ ಕಣಪ್ಪ.’

‘ಎಣ್ಣೆ ಹಿಡುದ್ರೆ ಅಂಗೇ, ವಸಿ ದಿನ ಬೇಕು.’ ಗೊಟ್ಟವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ‘ನಂಗೆ ಒಂದೇಯ ಕೊರಗು. ಮೊದಮೊದ್ಲು ನಾ ವಸಿ ಕಮ್ಮಿ ಹಾಕ್ಬುಟ್ಟೆ ಕಣ್ಲಾ. ಹೊಸ ಗಾಡಿ, ಎಷ್ಟು ಕುಡೀತದೋ ಗೊತ್ತಿರ್ಲಿಲ್ಲ. ಆಗ್ಲೇ ಕೈ ತುಂಬ ಹಾಕಿದ್ದಿದ್ರೆ ಅದು ಎಳೀತಿರ್ಲಿಲ್ಲ. ಅವ್ಳೂ ವೋಗಾದ್ನ ನಿಲ್ಲುಸ್ತಿರ್ಲಿಲ್ವೇನೋ.’

ಅವನ ಮುಖ ನೋಡಲು ನನಗಾಗಲಿಲ್ಲ. ಗೊಟ್ಟದ ಬಾಯಲ್ಲಿ ಅಂಟಿಕೊಂಡಿದ್ದ ಕೋಳಿಪುಕ್ಕವನ್ನು ನೋಡುತ್ತಾ, ‘ಇಲ್ಲ ಕಣಪ್ಪ, ಕಮ್ಮಿಯಾಗಿರ್ಲಿಲ್ಲ’ ಎಂದೆ. ‘ನೀನು ಹಾಕಿದ್ದು ಸಾಕಾಗಿತ್ತು.’

ಅಪ್ಪ ಗೊಟ್ಟವನ್ನು ಮೊಳೆಗೆ ತಗಲಿಹಾಕಿ ಒಳಗೆ ಹೋದ.